ಕಿವಿಯಿಲ್ಲದ ತಲೆ

ಕುರಿಯ ತಲೆಗೆ ಎರಡು ಕಿವಿ. ಇದನ್ನು ಹೇಳುವುದಕ್ಕೊಂದು ಬರಹ ಬೇಕೇ ಎಂದು ನೀವು ನಗಬಹುದು. ನಾನೂ ನಗುತ್ತಿದ್ದೆ, ಮಡಕಶಿರದ ಕಡೆಯ ಒಂದು ಕೆರೆಯ ದಂಡೆಯಲ್ಲಿ ಆ ಬೆಳಗು ಕಾಣುವವರೆಗೆ. ಕ್ಯಾಮೆರಾದ ಹಿಂದಿನ ಸ್ಕ್ರೀನಿನಲ್ಲಿ, ಹೊಳೆಯುವ ನೀರಿನ ಮೇಲೆ ತೇಲುವ ಕಪ್ಪು ತಲೆಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಅವುಗಳಲ್ಲಿ ಒಂದಕ್ಕೆ ಕಿವಿಗಳೇ ಇರಲಿಲ್ಲ.

ರಾಯದುರ್ಗದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಗೋಡೆಯಾಚೆ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್. ಅಲ್ಲಿ ಹೊಲಿಯುವವನೊಬ್ಬ ಮಡಕಶಿರದ ಕಡೆಯ ಕುರಿ ಸಾಕುವವರ ಮನೆಯಿಂದ ಹೆಣ್ಣು ತಂದಿದ್ದ. ಮದುವೆಯ ಫೋಟೋ ತೆಗೆದವಳೂ ನಾನೇ. ಈ ಕಥೆಗೆ ಅವನು ಅಳಿಯ, ಅವನಿಗೆ ಹೆಣ್ಣು ಕೊಟ್ಟವರು ಮಾವ. ಅಷ್ಟು ಸಾಕು.

ಒಂದು ಮಧ್ಯಾಹ್ನ ಅಳಿಯ ನೂಲಿನ ಎಳೆಗಳು ಅಂಟಿದ ಅಂಗಿಯಲ್ಲೇ ಒಳಗೆ ಬಂದ.

“ಅಕ್ಕಾ, ನಮ್ಮ ಮಾವನ ಕಡೇಲಿ ಕಂಬಳಿ ನೇಯೋರ ಸಂಘ ಐತಿ. ಅವರಿಗೆ ಒಂದು ದೊಡ್ಡ ಫೋಟೋ ಬೇಕಂತ್ರಿ. ಅಂಗಡಿ ಹಿಂದ ಗೋಡಿ ತುಂಬ ಹಾಕಾಕ. ಕುರಿ ತೊಳೆಯೋದು. ಆದ್ರ ಮುಖ ಕಾಣಬಾರದು.”

“ಮುಖ ಯಾಕ ಬ್ಯಾಡ?”

“ಯಾರ ಮುಖ ಬಿದ್ರೂ ಉಳಿದೋರು ಜಗಳಕ್ಕ ಬರ್ತಾರ್ರಿ. ಅವರ ಮನಿಯೋರು ಯಾಕ, ನಮ್ಮ ಮನಿಯೋರು ಯಾಕಿಲ್ಲ ಅಂತ. ಅದಕ್ಕ ಎಲ್ಲಾರೂ ಬರೇ ಕಪ್ಪಗಿರಲಿ, ಹಿಂದ ನೀರು ಬೆಂಕಿ ಹಂಗ ಹೊಳೀಲಿ ಅಂದಾರ.”

ಜಗಳ ತಪ್ಪಿಸಲು ಸಿಲೌಟ್, ಬೆಳಕಿನೆದುರು ಬರೀ ಕಪ್ಪು ಆಕಾರದ ಚಿತ್ರ, ಕೇಳಿದ ಗಿರಾಕಿಯನ್ನು ನಾನು ಅದೇ ಮೊದಲು ಕಂಡದ್ದು. ಒಪ್ಪಿದೆ.

ಬಸ್ಸು ಪಾವಗಡ ದಾಟಿತು. ಅಳಿಯ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ. ಮಾವನ ಮನೆಯಲ್ಲಿ ಒಂದು ರೂಢಿಯಿದೆ. ಹೊಸ ಅಳಿಯ ಮೊದಲ ಸಲ ಕುರಿ ತೊಳೆಯಲು ಬಂದರೆ ಎಲ್ಲರಿಗಿಂತ ಹೊರಗೆ, ಕೆರೆಯ ಆಳದ ಕಡೆಗೆ ಬೆನ್ನು ಮಾಡಿ ಕೋಲು ಹಿಡಿದು ನಿಲ್ಲಬೇಕು. ಅದಕ್ಕೆ ಅವರು ‘ಗೋಡೆ ನಿಲ್ಲೋದು’ ಅನ್ನುತ್ತಾರೆ. ಕುರಿ ಗಾಬರಿಯಾಗಿ ಒಂದು ಆಳಕ್ಕೆ ಹೊರಟರೆ ಹಿಂಡೆಲ್ಲ ಅದರ ಹಿಂದೆ ಹೋಗುತ್ತದೆ. ಹಾಗೆ ಹೊರಟದ್ದನ್ನು ದಡಕ್ಕೆ ತಿರುಗಿಸುವುದು ಗೋಡೆಯ ಕೆಲಸ.

“ನಿಲ್ಲಪ್ಪ, ಅದ್ರಾಗೇನೈತಿ?”

“ನನಗ ಈಜು ಬರಂಗಿಲ್ಲಕ್ಕಾ.”

“ಹಂಗಂತ ಹೇಳಿಬಿಡು.”

“ಹೆಂಗ ಹೇಳ್ಲಿ? ಮದುವಿ ಪಂಗ್ತಿಯಾಗೇ ‘ಕುರಿ ಮನೆಗೆ ಸೂಜಿ ಬಂತು’ ಅಂತ ನಕ್ಕಾರ. ಈಗ ನೀರಿಗೂ ಹೆದರ್ತೀನಿ ಅಂದ್ರ ನನ್ನ ಹೆಂಡ್ತಿ ತವರಿಗೆ ತಲಿ ಎತ್ತಿ ಹೋಗಂಗಿಲ್ಲ. ನೀವೂ ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಬಸ್ಸಿನಲ್ಲಿ ಕಾಲಿಗೆ ಬೀಳಲು ಜಾಗವಿರಲಿಲ್ಲ. ಇದ್ದಿದ್ದರೆ ಬೀಳುತ್ತಿದ್ದ. ನಾನು ಹೂಂ ಅಂದೆ. ಆದರೆ ಕೆರೆ ಕಂಡ ಕೂಡಲೇ ಮಾವನನ್ನು ಕೇಳಿದ ಮೊದಲ ಪ್ರಶ್ನೆ ನೀರಿನ ಆಳದ್ದೇ.

“ಎದೆ ಮಟ್ಟ ಕಣ್ ತಾಯಿ,” ಅಂದರು ಮಾವ. ಗಿಡ್ಡ ಆಳು, ದೊಡ್ಡ ರುಮಾಲು. “ನಾನ್ ಕಣ್ ಬಿಟ್ಟಾಗಿಂದ ಇದೇ ಜಾಗದಾಗೆ ತೊಳಿತಾ ಇವ್ನಿ. ಕಣ್ ಕಟ್ಟಿ ಬಿಟ್ರೂ ಕಾಲು ತಾನೇ ಜಾಗ ಹುಡುಕ್ತದೆ. ಯಾಕೆ, ನೀನೂ ಇಳೀತೀಯಾ?”

“ನಾ ಇಳಿಯಂಗಿಲ್ರೀ. ಕ್ಯಾಮೆರಾಕ್ಕ ಈಜು ಬರಂಗಿಲ್ಲ.”

ಮಾವ ನಕ್ಕರು. ಅಳಿಯ ನಗಲಿಲ್ಲ.

ಇಂಥ ಚಿತ್ರಕ್ಕೆ ತಗ್ಗಿನಲ್ಲಿರುವ ಸೂರ್ಯ ಬೇಕು. ಆಗ ನೀರಿನ ಮೇಲೆ ಬೆಳಕಿನ ದಾರಿಯೊಂದು ನಮ್ಮ ಕಡೆಗೇ ಉದ್ದಕ್ಕೆ ಬಿದ್ದಿರುತ್ತದೆ. ಆ ದಾರಿಯಲ್ಲಿ ನಿಂತದ್ದು ಯಾವುದೇ ಆಗಲಿ ಕತ್ತರಿಸಿಟ್ಟಂತೆ ಕಪ್ಪಾಗುತ್ತದೆ. ನಾನು ಸಂಜೆಯ ಹೊತ್ತು ಕೇಳಿದೆ. ಮಾವ ನನ್ನನ್ನು ಪಾಪ ಅನ್ನುವಂತೆ ನೋಡಿದರು.

“ಸಂಜೆಗೆ ತೊಳೆದ್ರೆ ಉಣ್ಣೆ ಯಾವಾಗ ಆರ್ಬೇಕು? ಒದ್ದೆ ಮೈಯಾಗೆ ನಡುಗಿ ಕೆಮ್ಮು ಹಿಡ್ಕಂತವೆ. ಬಿಸ್ಲು ಕಾಯ್ದ ಮ್ಯಾಲೆ ಇಳ್ಸಾದು, ಬಿಸ್ಲು ಇರಂಗೆ ಆರ್ಸಾದು. ಸೂರ್ಯಂಗೆ ಬೇಕಾರೆ ನೀನೇ ಹೇಳವ್ವ, ಒಸಿ ಬಗ್ಗಪ್ಪ ಅಂತ.”

ಸೂರ್ಯ ಬಗ್ಗುವವನಲ್ಲ. ಹಾಗಾದರೆ ನಾನು ಏರಬೇಕಿತ್ತು. ಬಿಸಿಲು ಮೇಲೇರಿದಷ್ಟೂ ಹೊಳಪಿನ ದಾರಿ ಮೋಟಾಗುತ್ತ ನಮ್ಮ ಹತ್ತಿರಕ್ಕೆ ಸರಿಯುತ್ತದೆ. ಎತ್ತರದಲ್ಲಿ ನಿಂತು ಕೆಳಗೆ ನೋಡಿದರೆ ಮಾತ್ರ ಜನರ ಹಿಂದೆ ನೀರೇ ಸಿಗುತ್ತದೆ, ಆಚೆ ದಡದ ಜಾಲಿ ಗಿಡಗಳು ಸೇರಿಕೊಳ್ಳುವುದಿಲ್ಲ. ಪಡುವಣ ದಂಡೆಯಲ್ಲಿ ಒಂದು ದೊಡ್ಡ ಗುಂಡುಕಲ್ಲಿತ್ತು. ಅದರ ನೆತ್ತಿಗೆ ಟ್ರೈಪಾಡ್ ಸಾಗಿಸಿದೆ. ಎದುರಿಗೆ ಮೂಡಣದ ಬಿಸಿಲು, ನಡುವೆ ನೀರು, ಬೆನ್ನ ಹಿಂದೆ ದೂರದಲ್ಲಿ ರತ್ನಗಿರಿಯ ಕೋಟೆಗುಡ್ಡ.

ಕಲ್ಲಿನ ಬುಡದ ಜಾಲಿ ಮರಕ್ಕೆ ಮಾವ ಒಂದು ಟಗರನ್ನು ಕಟ್ಟಿದರು. ಕೊರಳಲ್ಲಿ ಗಂಟೆ. ಹಿಂಡಿಗೆಲ್ಲ ಅದೇ ಮುಂದಾಳು. ಮೊದಲು ತೊಳೆಯುವುದು ಅದನ್ನೇ. ತೊಳೆದು ದಡದಲ್ಲಿ ಕಟ್ಟಿಬಿಟ್ಟರೆ ಮಿಕ್ಕವು ನೀರಿನಿಂದೆದ್ದು ಬಂದು, ಗಂಟೆಯ ಸದ್ದಿಗೆ ತಾವಾಗಿಯೇ ಅದರ ಸುತ್ತ ನಿಲ್ಲುತ್ತವೆ. ಕಾಯಲು ಬೇರೆ ಆಳು ಬೇಡ.

ನೀರಿಗಿಳಿದವರು ಮಾವ, ಅವರ ಇಬ್ಬರು ದಾಯಾದಿಗಳು, ಹೊರಗೋಡೆಗೆ ಅಳಿಯ. ಅಳಿಯನ ಹೆಂಡತಿ ದಡದಲ್ಲಿ ಕುರಿಗಳನ್ನು ನೀರಿಗೆ ದೂಡುತ್ತಿದ್ದಳು. ನಡುನಡುವೆ ಹಣೆಗೆ ಕೈ ಅಡ್ಡ ಹಿಡಿದು ಗಂಡ ನಿಂತ ಕಡೆ ನೋಡುತ್ತಿದ್ದಳು. ಆ ಹೊಳಪಿನಲ್ಲಿ ಅವಳಿಗೆ ಏನು ಕಾಣುತ್ತಿತ್ತೋ.

ಮೊದಲ ಚಿತ್ರಗಳು ಕೆಟ್ಟವು. ಕ್ಯಾಮೆರಾ ತನ್ನ ಬುದ್ಧಿಯಿಂದ ಮುಖಗಳನ್ನು ಬೆಳಗಿಸಲು ಹೋಗಿ ನೀರನ್ನು ಬಿಳಿ ಸುಣ್ಣ ಮಾಡಿತ್ತು. ಅದರ ಬುದ್ಧಿಯನ್ನು ಬಂದ್ ಮಾಡಿ, ಅಳತೆಯನ್ನು ಹೊಳಪಿನ ಮೇಲೆ ತೆಗೆದುಕೊಂಡು, ಲೆನ್ಸಿನ ಕಂಡಿ ಕಿರಿದಾಗಿಸಿ, ಶಟರ್ ಆದಷ್ಟು ಚುರುಕು ಮಾಡಿದೆ. ಕಣ್ಣಿಗೆ ನೋಡಲಾಗದ ಬೆಳಕು ಸ್ಕ್ರೀನಿನಲ್ಲಿ ತಣ್ಣಗೆ ಕುಳಿತಿತು. ಒಂದೊಂದು ಅಲೆ, ಒಂದೊಂದು ಹನಿ ಬೇರೆಬೇರೆಯಾಗಿ ಕಂಡಿತು. ಆದರೆ ಕುರಿಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಗುಡ್ಡೆಯಾಗಿದ್ದವು. ಸಿಲೌಟಿನಲ್ಲಿ ಮುಂದಿನದು ಹಿಂದಿನದು ಎಂಬ ಭೇದವಿಲ್ಲ. ಎರಡರ ನಡುವೆ ನೀರು ಕಾಣದಿದ್ದರೆ ಅವೆರಡೂ ಒಂದೇ. ಮನುಷ್ಯರೂ ಅಷ್ಟೆ. ನನ್ನ ಕಡೆ ತಿರುಗಿದ ಮುಖ ಬರೀ ಮಡಕೆ. ಪಕ್ಕಕ್ಕೆ ತಿರುಗಿದರೆ ಮಾತ್ರ ಮೂಗು, ಗಡ್ಡ, ರುಮಾಲಿನ ಸುತ್ತು.

ಕೆಳಗಿಳಿದು ಹೋಗಿ ಹೇಳಿದೆ. “ಒಂದೊಂದೇ ಕುರಿ ಬಿಡ್ರಿ. ನಡುವ ಜಾಗ ಇರಲಿ. ನಾ ಎಡಕ್ಕ ಅಂದ್ರ ಎಡಕ್ಕ ಸರೀರಿ, ಬಲಕ್ಕ ಅಂದ್ರ ಬಲಕ್ಕ. ಆದ್ರ ನನ್ನ ಕಡಿ ಮಾತ್ರ ನೋಡಬ್ಯಾಡ್ರಿ. ನಾ ಎಷ್ಟು ಕೂಗಿದ್ರೂ ಮುಖ ತಿರುಗಿಸಬ್ಯಾಡ್ರಿ.”

“ಮಕಾನೂ ಬ್ಯಾಡ, ನೋಡಾದೂ ಬ್ಯಾಡ,” ಅಂದ ಒಬ್ಬ ದಾಯಾದಿ. “ಮೊದ್ಲೇ ಕರಿ ಕುರಿ, ಕರಿ ಜನ. ಅದ್ರ ಮ್ಯಾಲೆ ನೀನ್ ಬೇರೆ ಕರ್ರಗೆ ಮಾಡು.”

“ಆಧಾರ್ ಕಾರ್ಡಿನ ಫೋಟೋಗಿಂತ ವಾಸಿ ಬತ್ತದೆ ಸುಮ್ಕಿರ್ಲಾ,” ಅಂದರು ಮಾವ.

ಆಮೇಲೆ ಕೆಲಸ ಕೂಡಿ ಬಂತು. ಅವರು ಮಾತಿಗೆ ತಕ್ಕ ಜನ. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಮಾವ ಒಂದು ಮರಿಯನ್ನು ತಲೆಯೆತ್ತರಕ್ಕೆ ಎತ್ತಿದಾಗ ಅದರ ಹೊಟ್ಟೆಯಿಂದ ನೀರು ಬೆಳ್ಳಿ ದಾರದಂತೆ ಸುರಿಯಿತು. ಹೊರಗೋಡೆಯಲ್ಲಿ ಅಳಿಯ ಎದೆ ಮಟ್ಟದ ನೀರಲ್ಲಿ ಕೋಲು ಚಾಚಿ ನಿಂತಿದ್ದ. ಹೊಲಿಗೆ ಮಿಷನ್ನಿನ ಮುಂದೆ ಗೂನಾಗಿ ಕೂರುವವನು ಅಲ್ಲಿ ದೇವಸ್ಥಾನದ ಕಂಬದಂತೆ ಕಂಡ. ನನಗೆ ಹೆಮ್ಮೆಯೇ ಆಯಿತು.

ಒಂದೇ ಒತ್ತಿಗೆ ಸಾಲಾಗಿ ಹಲವು ಚಿತ್ರಗಳನ್ನು ತೆಗೆದು, ದುಪಟ್ಟಾವನ್ನು ತಲೆಯ ಮೇಲೆ, ಕ್ಯಾಮೆರಾದ ಮೇಲೆ ಎಳೆದುಕೊಂಡು, ಆ ಕತ್ತಲಲ್ಲಿ ಸ್ಕ್ರೀನ್ ನೋಡತೊಡಗಿದೆ. ಬಿಸಿಲಲ್ಲಿ ಸ್ಕ್ರೀನ್ ನೋಡಲು ಬೇರೆ ದಾರಿಯಿಲ್ಲ. ಈಜುವ ಕುರಿಗಳ ತಲೆಗಳು ಸಾಲಾಗಿದ್ದವು. ಪ್ರತಿ ತಲೆಗೂ ಎರಡು ಕಡೆ ಎಲೆಯಂತೆ ಜೋತ ಕಿವಿ. ಚೆನ್ನಾಗಿದೆ ಅಂದುಕೊಂಡೆ. ಕಿವಿ, ಕಿವಿ, ಕಿವಿ. ಆಮೇಲೆ ಹೊರಗಡೆ ಒಂಟಿಯಾಗಿ ಒಂದು ತಲೆ. ಗುಂಡಗೆ, ನುಣ್ಣಗೆ. ಅದಕ್ಕೆ ಕಿವಿ ಇರಲಿಲ್ಲ.

ತೇಲಿ ಬಂದ ಮಡಕೆ ಇರಬೇಕು ಅನ್ನಿಸಿತು. ಮುಂದಿನ ಚಿತ್ರಕ್ಕೆ ಹೋದೆ. ಮಡಕೆ ಇರಲಿಲ್ಲ, ಕೋಲೊಂದು ನೀರಿನ ಮೇಲೆ ಅಡ್ಡ ಮಲಗಿತ್ತು. ಅದರ ಮುಂದಿನದರಲ್ಲಿ ಐದು ಬೆರಳು.

ದುಪಟ್ಟಾ ಕಿತ್ತೆಸೆದು ತಲೆಯೆತ್ತಿದೆ. ಬರಿಗಣ್ಣಿಗೆ ಕಂಡದ್ದು ಒಂದೇ ಬಿಳಿ ಉರಿ. ಕಂಬದಂತೆ ನಿಂತಿದ್ದವನು ಆ ಉರಿಯೊಳಗೆ ಇದ್ದಾನೋ ಇಲ್ಲವೋ ಹೇಳಲು ನನ್ನ ಕಣ್ಣಿಗೆ ಶಕ್ತಿಯಿರಲಿಲ್ಲ. ಮತ್ತೆ ದುಪಟ್ಟಾ ಎಳೆದುಕೊಂಡು, ತೆಗೆದ ಚಿತ್ರದ ಬದಲು ಲೆನ್ಸ್ ಈಗ ಕಾಣುತ್ತಿರುವುದನ್ನೇ ತೋರಿಸುವಂತೆ ಗುಂಡಿ ಒತ್ತಿ ಸ್ಕ್ರೀನಿಗೆ ಬಾಗಿದೆ. ಅಲ್ಲಿ ಮಾತ್ರ ಎಲ್ಲ ಕಾಣುತ್ತಿತ್ತು. ನೀರಿನಿಂದ ಒಂದು ಮುಖ ಆಕಾಶಕ್ಕೆ ಬಾಯಿ ತೆರೆದು ಮೇಲೆ ಬಂತು, ಮುಳುಗಿತು. ಒಂದು ಕೂಗಿಲ್ಲ. ಮುಳುಗುವವರು ಕೂಗುತ್ತಾರೆಂದು ನಾನು ನಂಬಿದ್ದೆ. ಅವರಿಗೆ ಅದಕ್ಕೆ ಉಸಿರಿರುವುದಿಲ್ಲ.

“ಅಳಿಯ! ಅಳಿಯ ಮುಳುಗ್ಯಾನ! ನೋಡ್ರೀ!” ಕಿರುಚಿದೆ.

ಕುರಿಗಳ ಅರಚಾಟದ ನಡುವೆ ನನ್ನ ದನಿ ಅವರಿಗೆ ಮುಟ್ಟಿತು, ಮಾತು ಮುಟ್ಟಲಿಲ್ಲ. ಮುಟ್ಟಿದ ದನಿಗೆ ಅವರು ಏನು ಮಾಡಿದರು ಗೊತ್ತೇ? ಒಬ್ಬ ದಾಯಾದಿ ಇನ್ನಷ್ಟು ನೆಟ್ಟಗೆ ನಿಂತ. ಮಾವ ಕೈಯಲ್ಲಿದ್ದ ಮರಿಯನ್ನು ಮತ್ತೂ ಮೇಲಕ್ಕೆ ಎತ್ತಿ ಹಿಡಿದರು. ಯಾರೂ ನನ್ನ ಕಡೆ ತಿರುಗಲಿಲ್ಲ. ನಾನು ಕೂಗಿದಷ್ಟೂ ಅವರ ಮೂಗು ಚೆನ್ನಾಗಿ ಪಕ್ಕಕ್ಕೇ ತಿರುಗಿತು. ಕೊಟ್ಟ ಮಾತಿಗೆ ತಪ್ಪುವ ಜನ ಅವರಲ್ಲ.

ದಡದಲ್ಲಿದ್ದ ಹೆಂಡತಿ ಮಾತ್ರ ನನ್ನ ಕಡೆ ನೋಡಿದಳು. ನೀರಿನ ಕಡೆ ಕೈ ತೋರಿಸಿದೆ. ಅವಳು ಆ ಬಿಳಿ ಉರಿಯತ್ತ ಕಣ್ಣು ಕಿರಿದು ಮಾಡಿ ನೋಡಿ, ಏನೂ ಕಾಣದೆ ನನ್ನನ್ನೇ ಮತ್ತೆ ನೋಡಿದಳು.

ನಾನು ನೀರಿಗೆ ಓಡಿದರೆ ತಲುಪುವಷ್ಟರಲ್ಲಿ ಮುಗಿದಿರುತ್ತಿತ್ತು. ಅವರೇ ತಿರುಗಬೇಕು. ಯಾವುದಕ್ಕೆ ತಿರುಗುತ್ತಾರೆ? ನನ್ನ ಕೂಗಿಗಲ್ಲ. ಕಲ್ಲಿನ ಬುಡದಲ್ಲಿ ಗಂಟೆ ಕಿಣಿ ಕಿಣಿ ಅಂದಿತು.

ಅರ್ಧ ಜಾರುತ್ತ ಅರ್ಧ ಬೀಳುತ್ತ ಕಲ್ಲಿನಿಂದಿಳಿದೆ. ಟಗರಿನ ಕೊರಳ ಹಗ್ಗವನ್ನು ತಲೆಯ ಮೇಲಿಂದ ಎಳೆದು ತೆಗೆದೆ. ಕೈಗೆ ಸಿಕ್ಕ ಜಾಲಿ ಬರಲಿನಿಂದ ಅದರ ಬೆನ್ನಿಗೆ ಬಲವಾಗಿ ಹೊಡೆದೆ. ಅದು ಗಂಟೆ ಬಡಿದುಕೊಳ್ಳುತ್ತ ಉತ್ತಿದ್ದ ಹೊಲದ ಕಡೆಗೆ ಹಾರಿತು. ಸುತ್ತ ನಿಂತಿದ್ದ ತೊಳೆದ ಕುರಿಗಳೆಲ್ಲ ಕೆಂಪು ಮಣ್ಣಿನಲ್ಲಿ ಧೂಳೆಬ್ಬಿಸಿ ಅದರ ಹಿಂದೆ ಹೋದವು. ನೀರಿನಲ್ಲಿದ್ದವು ಕೂಡ ಗಂಟೆ ಕೇಳಿ ದಡಕ್ಕೆ ನುಗ್ಗಿದವು.

ಆಗ ತಿರುಗಿದರು. ಬೆಳಗಿನ ಕೆಲಸವೆಲ್ಲ ಮಣ್ಣಾಗುವುದನ್ನು ನೋಡಲು ಮೂವರೂ ಒಟ್ಟಿಗೆ ತಿರುಗಿದರು.

“ಅಯ್ಯೋ ನಿನ್ ಕೈಗೆ ಹಾವು ಕಚ್ಚ! ಟಗರ್ ಯಾಕ್ ಬಿಟ್ಟೇ?” ಮಾವ ಮರಿಯನ್ನು ನೀರಿಗೆ ಬಿಟ್ಟು ಕೂಗಿದರು.

ಎರಡೂ ಕೈ ಚಾಚಿ ಅವರ ಬೆನ್ನ ಹಿಂದಿನ ನೀರು ತೋರಿಸಿದೆ. “ಅಳಿಯ! ನಿಮ್ಮ ಅಳಿಯ!”

ಮಾವ ಹಿಂದೆ ನೋಡಿದರು. ಹಣೆಗೆ ಕೈ ಅಡ್ಡ ಹಿಡಿದರು. ಗೋಡೆ ಇರಲಿಲ್ಲ. ಕೋಲೊಂದು ತೇಲುತ್ತಿತ್ತು. ಅವರ ಬಾಯಿಂದ ಬಂದ ಸದ್ದು ಮಾತಾಗಿರಲಿಲ್ಲ. ಕೋಲಿನತ್ತ ಹಾರಿದರು. ಅಳಿಯ ಕೋಲಿನ ಹತ್ತಿರ ಇರಲಿಲ್ಲ, ಅದು ಗಾಳಿಗೆ ತೇಲಿ ದೂರ ಹೋಗಿತ್ತು. ಆ ಹೊಳಪಿನಲ್ಲಿ ಈಜುವವರಿಗೂ ಕಣ್ಣಿಲ್ಲ.

ನಾಲ್ಕು ಕೈಕಾಲಲ್ಲಿ ಮತ್ತೆ ಕಲ್ಲು ಹತ್ತಿದೆ. ಮೊಣಕಾಲು ಸುಲಿದದ್ದು ಆಮೇಲೆ ತಿಳಿಯಿತು. ದುಪಟ್ಟಾ ಹೊದ್ದು ಸ್ಕ್ರೀನಿಗೆ ಬಾಗಿದೆ. ಎಲ್ಲಿ, ಎಲ್ಲಿ? ಬೆಳ್ಳಿಯ ನಡುವೆ ಒಂದು ಕಪ್ಪು ಚುಕ್ಕಿ, ಬೆರಳ ತುದಿಗಳು.

“ಎಡಕ್ಕ! ಮಾವಾರೆ, ಎಡಕ್ಕ!”

ಬೆಳಗಿನಿಂದ ಕೇಳಿ ಕೇಳಿ ಅಭ್ಯಾಸವಾಗಿದ್ದ ಮಾತು. ಕಪ್ಪು ರುಮಾಲು ಎಡಕ್ಕೆ ತಿರುಗಿತು.

“ಇನ್ನಾ ಎಡಕ್ಕ! ಮುಂದ! ಕೈ ಹಾಕ್ರೀ, ಕೆಳಗ!”

ಮಾವ ಮುಳುಗಿದರು. ಸ್ಕ್ರೀನಿನಲ್ಲಿ ಬರೀ ನೀರು. ಅಷ್ಟು ಚೆಂದದ ನೀರನ್ನು ನಾನು ಹಿಂದೆ ಕಂಡಿಲ್ಲ. ಆಮೇಲೆ ಒಂದು ತಲೆ ಎದ್ದಿತು, ಅದರ ಕೈಯಲ್ಲಿ ಹಿಡಿದ ಕೂದಲು, ಕೂದಲ ಕೆಳಗೆ ಇನ್ನೊಂದು ತಲೆ. ದಾಯಾದಿಗಳು ತಮ್ಮ ರುಮಾಲು ಬಿಚ್ಚಿ ಒಂದಕ್ಕೊಂದು ಗಂಟು ಹಾಕಿ ಎಸೆದರು. ಮಾವ ಅದರ ತುದಿ ಹಿಡಿದರು. ಎಳೆದರು.

ದಡದಲ್ಲಿ ಅಳಿಯನನ್ನು ಮಗ್ಗುಲಾಗಿ ಮಲಗಿಸಿದಾಗ ಬಾಯಿಂದ ನೀರು ಹರಿಯಿತು. ಕೆಮ್ಮಿದ. ಹೆಂಡತಿ ಕಂಬಳಿ ತಂದು ಸುತ್ತಿದಳು. ಅದು ಜಾರಿದಾಗಲೆಲ್ಲ ಮತ್ತೆ ಎಳೆದು ಬಿಗಿದಳು.

ಮಾವನಿಗೆ ಮಾತ್ರ ಸಮಾಧಾನವಿರಲಿಲ್ಲ. ಕೋಲು ಹಿಡಿದು ಮತ್ತೆ ನೀರಿಗಿಳಿದರು. ಅಳಿಯ ನಿಂತಿದ್ದ ಜಾಗದವರೆಗೆ ಹೋಗಿ, ಕೋಲನ್ನು ಒಂದು ಹೆಜ್ಜೆ ಆಚೆ ಊರಿದರು. ಅದು ಪೂರ್ತಿ ಒಳಗೆ ಹೋಯಿತು. ಅವರ ಕೈ ಕೂಡ ಹೋಯಿತು. ಮರಳಿ ಬಂದಾಗ ಮುಖ ಬೂದಿಯಾಗಿತ್ತು.

“ಕೆರೆಯೊಳಗೆ ಬಾವಿ ತೋಡವ್ರೆ. ಗೋಡೆ ಕೊಯ್ದಂಗೆ ಕೊಯ್ದವ್ರೆ,” ಅಂದರು. “ಬ್ಯಾಸ್ಗೇಲಿ ನಾವು ಕುರಿ ಹೊಡ್ಕಂಡು ವಲಸೆ ಹೋಗಿದ್ವಿ. ಆಗ ಯಾರೋ ಇಟ್ಟಿಗೆಗೆ ಮಣ್ಣು ಎತ್ತವ್ರೆ. ನಾವು ಬರೋ ಹೊತ್ಗೆ ಕೆರೆ ತುಂಬಿತ್ತು. ನೀರು ಎಲ್ಲಾ ಮುಚ್ಕಂಡಿತ್ತು.” ಕಣ್ಣು ಕಟ್ಟಿ ಬಿಟ್ಟರೂ ಜಾಗ ಹುಡುಕುತ್ತವೆ ಎಂದಿದ್ದ ಕಾಲುಗಳನ್ನು ನೋಡಿಕೊಂಡರು. ಆಮೇಲೆ ಅಳಿಯನ ಕಡೆ ತಿರುಗಿದರು. “ಒಂದು ಹೆಜ್ಜೆ ಕಣಪ್ಪ. ಈ ಕಡೀಕೆ ಎರಡು ಸಲ ಕೈ ಹೊಡೆದಿದ್ರೆ ನೆಲ ಸಿಗ್ತಿತ್ತು. ಯಾಕ್ ಹೊಡೀನಿಲ್ಲ?”

ಅಳಿಯ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಉತ್ತರ ಕೊಟ್ಟವಳು ಹೆಂಡತಿ.

“ಅವ್ರಿಗೆ ಈಜು ಬರಲ್ಲ ಕಣಪ್ಪ.”

ಅಳಿಯನೇ ಬೆಚ್ಚಿಬಿದ್ದ. “ನಿನಗ ಹೆಂಗ ಗೊತ್ತು?”

“ಬಾವಿ ಕಂಡ್ರೆ ದೂರ ಸರ್ದು ಆ ಕಡೆ ಗ್ವಾಡೆ ಹಿಡ್ಕಂಡೇ ನಡೀತೀರ. ಕೊಡ ಇಳ್ಸಾವಾಗ ಕಣ್ ಮುಚ್ಕಂತೀರ. ಗೊತ್ತಾಗಲ್ವಾ ನಂಗೆ?” ಅಂದಳು. “ನಾನೇ ಹೇಳ್ಬಿಟ್ರೆ ನಿಮ್ ಮಾನ ಹೋಗ್ತದೆ ಅಂತ ಸುಮ್ಕಿದ್ದೆ.” ಆಮೇಲೆ ಅಪ್ಪನ ಕಡೆ ತಿರುಗಿದವಳ ದನಿ ಒಡೆಯಿತು. “ಸೂಜಿ ಸೂಜಿ ಅಂತ ನಗ್ತಿದ್ಯಲ್ಲಪ್ಪ. ಇವತ್ತು ಸೂಜಿ ನೀರಿಗೆ ಬಿದ್ದಿತ್ತು. ಸಿಗ್ದಿದ್ರೆ ಏನ್ ಮಾಡ್ತಿದ್ದೆ?”

ಗೊತ್ತಿದ್ದವರು ಇಬ್ಬರಿದ್ದೆವು, ಅವಳು ಮತ್ತು ನಾನು. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೆ ತಿಳಿಯದೆ, ಅದೇ ಮಾನವನ್ನು ಕಾಯುತ್ತ, ಅದೇ ನೀರನ್ನು ನೋಡುತ್ತ ನಿಂತಿದ್ದೆವು.

ಕುರಿಗಳನ್ನು ಮರುದಿನ ಮತ್ತೆ ತೊಳೆದರು, ಆಚೆ ದಡದಲ್ಲಿ, ಮೊದಲು ಕೋಲು ಊರಿ ನೋಡಿ. ಆ ದಿನ ಗೋಡೆ ನಿಂತವರು ಮಾವನೇ. ಅಳಿಯ ದಡದಲ್ಲಿ ಟಗರಿನ ಹಗ್ಗ ಹಿಡಿದು ಕೂತಿದ್ದ. ಯಾರೂ ನಗಲಿಲ್ಲ. ನಾನು ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ.

ಸಂಘದವರಿಗೆ ಚಿತ್ರ ಕೊಡಲೇಬೇಕಿತ್ತು. ಲ್ಯಾಪ್‌ಟಾಪ್ ತೆರೆದು, ಮಾವ ಮರಿ ಎತ್ತಿದ ಚಿತ್ರ ತೋರಿಸಿದೆ. ಸಂಘದ ಹಿರಿಯರೊಬ್ಬರು ತಾವೇ ಗುಂಡಿ ಒತ್ತುತ್ತ ಮುಂದೆ ಹೋದರು. ನಾನು ತಡೆಯುವಷ್ಟರಲ್ಲಿ ನಿಂತರು.

“ಇದು! ಇದು ಚೆಂದಾಗೈತೆ ನೋಡವ್ವ. ನೀರಾಗಿಂದ ಕೈ ಎತ್ತಿ ಬರ್ರಪ್ಪಾ ಅಂತ ಕರ್ದಂಗೈತೆ. ಇದ್ನೇ ದೊಡ್ಡದು ಮಾಡ್ಸು.”

ಐದು ಬೆರಳು, ಅವುಗಳ ಸುತ್ತ ಉರಿಯುವ ಬೆಳ್ಳಿ. ಅವರು ಹೇಳಿದ್ದು ನಿಜ. ನಾನು ಅಲ್ಲಿಯವರೆಗೆ ತೆಗೆದ ಚಿತ್ರಗಳಲ್ಲೆಲ್ಲ ಚೆಂದದ್ದು ಅದೇ. ಲ್ಯಾಪ್‌ಟಾಪ್ ಮುಚ್ಚಿದೆ. ಅವರ ಅಂಗಡಿಯ ಗೋಡೆಯಲ್ಲಿ ಈಗಿರುವುದು ಮಾವ ಮತ್ತು ಮರಿ.

ಕೆಲವು ವಾರಗಳ ಮೇಲೆ ಮಾವನ ಫೋನ್ ಬಂತು. “ಕ್ಯಾಮೆರಾ ತಗಂಡು ಬಾ ತಾಯಿ,” ಅಂದರು, ಅಷ್ಟೆ.

ತೋಟದ ಬಾವಿಗೆ ಕರೆದುಕೊಂಡು ಹೋದರು. ಅಳಿಯ ಮೆಟ್ಟಿಲ ಮೇಲೆ ನಡುಗುತ್ತ ನಿಂತಿದ್ದ, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು, ನಡುವಿಗೆ ಹಗ್ಗ. ಹಗ್ಗದ ಇನ್ನೊಂದು ತುದಿ ಮಾವನ ಮುಂಗೈಗೆ ಸುತ್ತಿತ್ತು. ಹೆಂಡತಿ ಮೇಲಿನ ಮೆಟ್ಟಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು.

“ಹೊಲಿಗೆ ಮಿಷನ್ ತುಳಿದಂಗೆ ತುಳೀರಿ!” ಅಂದಳು. “ಆರ್ಡರ್ ಲೇಟಾಗ್ತೈತೆ ಅಂದ್ಕಳ್ಳಿ!”

“ನೀನು ಸುಮ್ನಿರ್ತೀಯೇನು?” ಅಂದ ಅಳಿಯ, ಹಲ್ಲು ಕಟಕಟಿಸುತ್ತ. ಇಳಿದ.

ನಾನು ಅಭ್ಯಾಸಬಲದಿಂದ ಬೆಳಕಿನ ಎದುರಿಗೆ ಹೋಗಿ ನಿಂತಿದ್ದೆ. ನೀರು ಹೊಳೆಯುತ್ತಿತ್ತು. ಮಾವ ಹಗ್ಗ ಬಿಗಿ ಮಾಡಿ ನನ್ನ ಕಡೆ ತಿರುಗಿದರು.

“ಆ ಕಡೀಕೆ ಬ್ಯಾಡ ಕಣವ್ವ. ಈ ಸಲ ಮಕ ಕಾಣಂಗೆ ತೆಗಿ.”

ಬಾವಿಯನ್ನು ಸುತ್ತಿ ಬಂದೆ. ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ನಿಂತೆ. ಅಳಿಯ ನೀರು ಬಡಿಯುತ್ತ, ಉಗುಳುತ್ತ, ಕಣ್ಣರಳಿಸಿಕೊಂಡು ನನ್ನ ಕಡೆಗೇ ಬರುತ್ತಿದ್ದ. ಚಿತ್ರ ತೆಗೆದು, ದುಪಟ್ಟಾ ಎಳೆದುಕೊಂಡು ಸ್ಕ್ರೀನ್ ನೋಡಿದೆ. ಹಣೆಗೆ ಅಂಟಿದ ಕೂದಲು, ತೆರೆದ ಬಾಯಿ, ಹೆದರಿಕೆ ಇನ್ನೂ ಇಳಿಯದ ಕಣ್ಣು. ಎರಡೂ ಕಿವಿ ಕಾಣುತ್ತಿದ್ದವು.